ಹೆಜ್ಜೆ ಅಳಿಸುವ ಕೆಲಸ

ಬಸ್ಸಿನ ಸಾಲಿನಲ್ಲಿ ನನ್ನ ಮುಂದೆ ಗುರುತಿಲ್ಲದ ಇಬ್ಬರು ಹೆಂಗಸರು ನಿಂತಿದ್ದರು; ಮಾತಿನಿಂದ ಅತ್ತಿಗೆ, ನಾದಿನಿ ಎಂದು ತಿಳಿಯಿತು. ಅತ್ತಿಗೆಯ ಮೈಮೇಲೆ ಕಡಲತೀರದ ರೆಸಾರ್ಟಿನ ಸಮವಸ್ತ್ರವಿತ್ತು. ನಾನು ಪುಸ್ತಕ ತೆರೆದು ಓದುವವಳಂತೆ ನಿಂತೆ. ಮೊದಲು ಮಾತಾಡಿದ್ದು ನಾದಿನಿ.

"ಮಂಡಿನೋವಿಗೆ ಮರಳ ಮೇಲೆ ನಡೆಸಿ ಅಂದ್ರು ಡಾಕ್ಟ್ರು. ಅಮ್ಮನ್ನ ಕಡಲತೀರಕ್ಕೆ ಕರ್ಕೊಂಡು ಹೋದ್ರೆ ನಿಮ್ಮ ರೆಸಾರ್ಟ್ ಗೇಟಿನವನು ರೂಮ್ ನಂಬರ್ ಕೇಳ್ತಾನೆ, ಅತ್ತಿಗೆ."

"ಮತ್ತೆ? ಸಮುದ್ರರಾಜ ಈಗ ರೆಸಾರ್ಟಿನೋರ ಮನೆ ಅಳಿಯ. ಕಂಡೋರಿಗೆಲ್ಲ ಮುಖ ತೋರಿಸ್ತಾನಾ?"

"ಅಮ್ಮ ಈಜು ಕಲ್ತಿದ್ದೇ ಅಲ್ಲಿ!"

"ಆಗ ಅಲೆಗಳಿಗೆ ಬುದ್ಧಿ ಇರ್ಲಿಲ್ಲ. ಕಂಡಕಂಡೋರ ಕಾಲು ತೊಳೀತಿದ್ವು."

"ತಮಾಷೆ ಸಾಕು. ಬೇರೆ ಕಡೆ ಬರೀ ಬಂಡೆ. ಎಲ್ಲಿ ನಡೆಸ್ಲಿ?"

"ದಿನಾ ಬೆಳಗ್ಗೆ ಆ ಮರಳಿಗೆ ತಲೆ ಬಾಚೋಳು ನಾನೇ ಅಲ್ವಾ? ನಿನ್ನೆಯ ಒಂದು ಹೆಜ್ಜೇನೂ ಕಾಣಬಾರ್ದು. ಗೆಸ್ಟು ಎದ್ದು ಬಂದಾಗ, ಭೂಮಿ ಮೇಲೆ ತಾನೇ ಮೊದಲನೇ ಮನುಷ್ಯ ಅನ್ನಿಸ್ಬೇಕಂತೆ."

"ಅದಕ್ಕೂ ಅಮ್ಮನಿಗೂ ಏನು ಸಂಬಂಧ?"

"ನಾಳೆ ಅಮ್ಮನಿಗೆ ನನ್ನ ಹಳೇ ಯೂನಿಫಾರ್ಮ್ ಅಂಗಿ ಹಾಕಿ ಕಳ್ಸು. ಕೈಗೆ ಮರಳು ಬಾಚೋ ಕೋಲು ಕೊಡ್ತೀನಿ. ಅದನ್ನ ಹಿಡ್ದೋರ ಮುಖ ಅಲ್ಲಿ ಯಾರೂ ನೋಡಲ್ಲ."

"ಈ ವಯಸ್ಸಲ್ಲಿ ಅತ್ತೆ ಹತ್ರ ಕೆಲಸ ಮಾಡಿಸ್ತೀರಾ?"

"ಕೋಲನ್ನ ಸುಮ್ನೆ ಹಿಂದೆ ಎಳ್ಕೊಂಡು ನಡೀಲಿ. ತನ್ನ ಹೆಜ್ಜೆ ತಾನೇ ಅಳಿಸೋ ಅತಿಥಿ ಮ್ಯಾನೇಜರಿಗೆ ಇನ್ನೆಲ್ಲಿ ಸಿಗ್ತಾರೆ?"

ಬಸ್ಸು ಬಂತು. ನಾದಿನಿ ಮೆಟ್ಟಿಲು ಹತ್ತುತ್ತಾ ಹಿಂದೆ ತಿರುಗಿದಳು.

"ನಿಮ್ಮ ಅಂಗಿ ಅಮ್ಮನಿಗೆ ತೋಳಲ್ಲಿ ಬಿಗಿ ಆಗುತ್ತೆ. ಹೊಲಿಗೆ ಬಿಚ್ಚಲಾ?"