ದೀಪದಡಿಯ ತಟ್ಟೆ

ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಇದು ಟೊರಾಂಟೊದ ಪ್ರಯೋಗಾಲಯವೊಂದರ ಲಿಫ್ಟಿಗೆ ಕಾಯುತ್ತಿದ್ದವರೆಲ್ಲ ಕೇಳಿದ ನಿಜ ಸಂಗತಿ. ಸಂಶೋಧಕಿ ಮಾರ್ಲೀಸ್ ಸಹೋದ್ಯೋಗಿ ಡಂಕನ್ ಮೇಲೆ ಕೆಂಡವಾಗಿದ್ದಳು.

“ಕ್ಯಾಬಿನೆಟ್ಟಿನೊಳಗೆ ತಟ್ಟೆ ಇದೆಯಾ ನೋಡದೆ ಕ್ರಿಮಿ ಕೊಲ್ಲೋ ನೇರಳಾತೀತ ದೀಪ ಹಾಕಿದ್ಯಲ್ಲೋ ಡಂಕನ್! ಮುಚ್ಚಳ ಬೇರೆ ತೆಗೆದಿತ್ತು! ಮೂರು ವಾರ ಸಾಕಿದ ರೋಗನಿರೋಧಕ ಕೋಶಗಳು ಕಣೋ!”

“ಹತ್ತೇ ನಿಮಿಷ ಕಣೇ.”

“ಅವೇನು ಬಿಸಿಲು ಕಾಯಿಸ್ಕೊಳ್ಳೋಕೆ ಬಂದಿದ್ವಾ? ಒಂದೂ ಬದುಕಿರಲ್ಲ!”

“ನೀನು ನಿನ್ನೆ ಸಂಜೆ ತಟ್ಟೆ ಮರೆತು ಹೊರಟೆಯಲ್ಲ, ಆಗಲೇ ಅದನ್ನ ಬೆಚ್ಚನೆ ಪೆಟ್ಟಿಗೆಯಲ್ಲಿಟ್ಟೆ. ದೀಪದಡಿ ಇದ್ದದ್ದು ನಿನ್ನ ಹೆಸರು ಬರೆದ ಬೇರೆ ತಟ್ಟೆ. ಅದರಲ್ಲಿ ಕೋಶಗಳೇ ಇರಲಿಲ್ಲ.”

“ಅಯ್ಯೋ! ‘ಕೊಲೆಗಾರ ಡಂಕನ್’ ಅಂತ ಇಡೀ ವಿಭಾಗಕ್ಕೆ ಮೇಲ್ ಕಳಿಸಿಬಿಟ್ಟೆನಲ್ಲೋ!”

“ಓದಿದೆ. ಸಂತಾಪಸಭೆಗೆ ಎಷ್ಟು ಗಂಟೆಗೆ ಬರಲಿ?”

ಇಬ್ಬರೂ ಲಿಫ್ಟ್ ಹತ್ತಿದರು. ಬಾಗಿಲು ಮುಚ್ಚಿದ ಮೇಲೂ ಹೊರಗಿನವರಿಗೆ ಕೇಳಿಸುತ್ತಿದ್ದದ್ದು ಮಾರ್ಲೀಸಳ ನಗುವೇ.