ಇಂದುಜಾಳ ಕಂಪ್ಯೂಟರಿನಿಂದ ಬಂದ ಕರೆಯ ಬಗ್ಗೆ

ಹೆಸರು: ಕರುಪ್ಪಸಾಮಿ, ತಂದೆ ಪೆರಿಯಣ್ಣನ್. ವಯಸ್ಸು 46. ಎಸ್‌ಟಿಡಿ ಬೂತ್ ಮಾಲೀಕ, ಮೊದಲು ದನದ ದಲ್ಲಾಳಿ. ವಾಸ ಬೋಡಿನಾಯಕನೂರು, ತೇನಿ ಜಿಲ್ಲೆ. ನನ್ನ ಮನೆಮಾತು ಕನ್ನಡದಲ್ಲಿ ಈ ಮೂಲಕ ತಿಳಿಸುವುದೇನೆಂದರೆ:

ಕಾಣೆಯಾಗಿರುವ ಇಂದುಜಾ, 24 ವರ್ಷ, ನನ್ನ ಅಕ್ಕ ಪೇಚ್ಚಿಯಮ್ಮಾಳ್ ಮಗಳು. ತೇನಿಯಲ್ಲಿ ಕಂಪ್ಯೂಟರ್ ಕಲಿಸುತ್ತಾ ಬಾಡಿಗೆ ಕೋಣೆಯಲ್ಲಿದ್ದಳು. ದಿಂಡಿಗಲ್ ಕಡೆಯ ಒಂದು ಚರ್ಮದ ಕಾರ್ಖಾನೆಯ ನೀರಿನಿಂದ ಬಾವಿಗಳು ಕೆಟ್ಟದ್ದನ್ನು ಬರೆದು, ಬೇರೆಯವರೂ ತಮ್ಮ ಕಂಪ್ಯೂಟರಿನಿಂದ ಫೋನ್ ತಂತಿಯ ಮೂಲಕ ಓದುವಂತೆ ತನ್ನ ಕಂಪ್ಯೂಟರಿನಲ್ಲಿ ಇಟ್ಟಿದ್ದಳು. ಫೆಬ್ರವರಿಯಲ್ಲಿ ಟೆಲಿಫೋನ್ ಕಚೇರಿಯವರು ಅವಳ ಫೋನ್ ಕಡಿದರು. ಕಾರಣ ಕೇಳಿದರೆ ಮೇಲಿನವರ ಆದೇಶ ಎಂದರು.

ಹುಡುಗಿ ಹಠಮಾರಿ. ಮನೆಯೊಡತಿ ಅಳಗಮ್ಮಾಳ್ ಹೆಸರಲ್ಲಿ ಬೇರೆ ಫೋನ್ ಪಡೆದು, ಹಲವು ಊರುಗಳ ಕಂಪ್ಯೂಟರುಗಳು ದಿನವೂ ಒಂದಕ್ಕೊಂದು ಕರೆ ಮಾಡಿ ಬರಹ ದಾಟಿಸುವ ಜಾಲ ಕಟ್ಟಿದಳು. ಒಂದನ್ನು ಕಡಿದರೆ ಬರಹ ಇನ್ನೊಂದು ದಾರಿ ಹಿಡಿಯುತ್ತದೆ. ಪ್ರತಿಯೊಬ್ಬರಿಗೂ ಅಕ್ಕಪಕ್ಕದ ಇಬ್ಬರು ಮಾತ್ರ ಗೊತ್ತು. ದನದ ಸಂತೆಯಲ್ಲಿ ಇಬ್ಬರಿಗೆ ಮಾತ್ರ ತಿಳಿಯುವಂತೆ ಟವಲ್ ಕೆಳಗೆ ಬೆರಳು ಹಿಡಿದು ದರ ಹೇಳುವುದನ್ನು ನನ್ನಿಂದ ಕೇಳಿಯೇ ಇದು ಹೊಳೆಯಿತೆಂದು ಹೇಳುತ್ತಿದ್ದಳು. ನನಗೆ ಹೆಮ್ಮೆಯಾಗಿತ್ತು. ನನ್ನ ಬೂತಿನಲ್ಲೂ ಒಂದು ಕಂಪ್ಯೂಟರ್ ಇಟ್ಟೆ. ನನ್ನ ಒಂದು ಪಕ್ಕ ಅವಳೇ.

12-8-1999ರ ಬೆಳಿಗ್ಗೆ ಬಾವಿ ನೀರಿನ ಮಾದರಿ ತರಲು ದಿಂಡಿಗಲ್ ಬಸ್ಸು ಹತ್ತಿದವಳು ಹಿಂತಿರುಗಲಿಲ್ಲ. ಮರುದಿನ ಸಂಜೆ ಆರಕ್ಕೆ ಅವಳ ಕಂಪ್ಯೂಟರಿನಿಂದ ಎಂದಿನಂತೆ ಕರೆ ಬಂತು. ಹುಡುಗಿ ಬಂದಳೆಂದು ಜೀವ ಬಂದಂತಾಗಿ, ಕಂಪ್ಯೂಟರಿನ ತೆರೆಯನ್ನೂ ನೋಡದೆ ಅಕ್ಕನೊಂದಿಗೆ ತೇನಿಗೆ ಹೋದೆ. ಕೋಣೆಯಲ್ಲಿ ಅವಳೂ ಇರಲಿಲ್ಲ, ಕಂಪ್ಯೂಟರೂ ಇರಲಿಲ್ಲ. ಮಧ್ಯಾಹ್ನ ಮೂವರು ಬಂದು ರಿಪೇರಿಗೆಂದು ಒಯ್ದರು, ಬೀಗದ ಕೀ ಅವರ ಬಳಿಯೇ ಇತ್ತು ಎಂದು ಅಳಗಮ್ಮಾಳ್ ಹೇಳಿದರು. ಆ ಕೀ ಇಂದುಜಾ ಕೊರಳಲ್ಲಿ ಹಾಕಿಕೊಳ್ಳುತ್ತಿದ್ದದ್ದು.

ಬೂತಿಗೆ ಮರಳಿ ತೆರೆ ನೋಡಿದೆ. ನಿನ್ನ ಇನ್ನೊಂದು ಪಕ್ಕದವರ ಹೆಸರು, ಊರು ತಿಳಿಸು ಎಂದಿತ್ತು. ಯಾರೂ ಯಾರನ್ನೂ ಇದನ್ನು ಕೇಳಬಾರದೆಂದು ನಿಯಮ ಮಾಡಿದವಳೇ ಅವಳು. ಫೋನ್ ತಂತಿ ಕಿತ್ತೆ.

ಈ ದಿನ ದೂರು ಕೊಡಲು ಬಂದಾಗ ಇನ್ಸ್‌ಪೆಕ್ಟರ್, ಮೊದಲು ಆ ಇನ್ನೊಬ್ಬರ ಹೆಸರು ಹೇಳು, ಆಮೇಲೆ ಹುಡುಗಿಯನ್ನು ಹುಡುಕುತ್ತೇವೆ ಎಂದರು. ಇದನ್ನೂ ಬರೆಯಿರಿ ಎಂದು ಹೇಳಿಕೆ ಬರೆದುಕೊಳ್ಳುತ್ತಿದ್ದವರನ್ನು ಕೇಳಿಕೊಂಡೆ. ಹೆಸರು ನನಗೆ ಗೊತ್ತು. ಸೋದರಮಾವನ ಕರ್ತವ್ಯವೂ ಗೊತ್ತು. ಹೇಳಲು ಬಾಯಿ ತೆರೆದೆ. ಬೆಂಚಿನ ಮೇಲಿದ್ದ ಅಕ್ಕ ಎದ್ದು ಬಂದು ನನ್ನ ಕೈ ಹಿಡಿದಳು.

"ಎಸ್ರು ಏಳ್ಬ್ಯಾಡ ತಂಬಿ. ಅಲ್ಲೂ ಒಬ್ಳು ತಾಯಿ ಅವ್ಳೆ."

ಹೆಸರು ಹೇಳಿಲ್ಲ. ಬರೆದುಕೊಂಡದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ಸತ್ಯ.

ಸ್ಥಳ: ಠಾಣೆಯ ಮುಂದಿನ ಕೋಣೆ
ದಿನಾಂಕ: 14-8-1999
(ಸಹಿ) ಕರುಪ್ಪಸಾಮಿ
ಸಾಕ್ಷಿ: ಪೇಚ್ಚಿಯಮ್ಮಾಳ್, ಎಡಗೈ ಹೆಬ್ಬೆಟ್ಟಿನ ಗುರುತು