ಜೀನೋ ಅಜ್ಜನ ಕೆಂಪು ಪೆಟ್ಟಿಗೆ

ಈ ಸ್ಟರ್ಲಿಂಗ್‌ನಲ್ಲಿ ದೆವ್ವದ ಕತೆಗೆ ಬಾವಿ ಎಲ್ಲಿಂದ ಬರಬೇಕು ಹೇಳಿ? ಆಲದ ಮರಾನೂ ಇಲ್ಲ. ಇರೋದು ಒಂದು ಮಳೆನೀರಿನ ಹೊಂಡ, ಅದರಾಚೆ ಡೇಟಾ ಸೆಂಟರು. ಅದು ರಾತ್ರಿಯಿಡೀ ಹೂಂ... ಅಂತಿರುತ್ತೆ. ಹೋದ ವರ್ಷ ಆಯುಧಪೂಜೆ ರಾತ್ರಿ ನನ್ನ ಚಿಕ್ಕಪ್ಪನ ಮಗ ಯಶವಂತ, ಅವನ ಹೆಂಡತಿ ಚೇತನ, ಇಬ್ಬರೂ ಅದೇ ಹೊಂಡದ ಪಕ್ಕ ನಡ್ಕೊಂಡು ಬರ್ತಿದ್ರು. ಯಾರದೋ ಮನೆ ಗೊಂಬೆ ನೋಡಿ ಬರ್ತಾ ಇದ್ದಿದ್ದು. ಕೈಯಲ್ಲಿ ಕೋಸಂಬರಿ ಡಬ್ಬಿ. ಮಾತಿಲ್ಲ, ಕತೆಯಿಲ್ಲ... ಬೆಳಿಗ್ಗೆಯಿಂದ ಜಗಳ.

ಜಗಳ ಯಾಕೆ ಅಂತ ಮೊದಲು ಹೇಳ್ಬಿಡ್ತೀನಿ, ಇಲ್ಲಾಂದ್ರೆ ನಿಮಗೆ ಅರ್ಥ ಆಗಲ್ಲ. ಏ ನಿಧಿ, ನೀನು ಕೂತ್ಕೊಂಡು ಕೇಳು, ಆ ಲೈಟು ಹಾಗೇ ಇರಲಿ ಬಿಡು.

ಎಲ್ಲಾ ಆ ಕಾರಿಂದ. ಇಟಲಿದು, ಅರವತ್ತರ ದಶಕದ್ದು, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಎಲಿಕಾಟ್ ಸಿಟಿಯಲ್ಲಿ ಜೀನೋ ಅಂತ ಒಬ್ಬ ಇಟಾಲಿಯನ್ ಅಜ್ಜ ಇದ್ದನಂತೆ. ಜೀವಮಾನ ಪೂರ್ತಿ ಅದನ್ನೇ ಒರೆಸ್ಕೊಂಡು ಕೂತಿದ್ದ. ಕೋವಿಡ್‌ನಲ್ಲಿ ಹೋಗ್ಬಿಟ್ಟ. ಮಗಳು ನಮ್ಮ ಯಶವಂತನಿಗೆ ಕಾರು ಮಾರುವಾಗ ಅವನ ಕೆಂಪು ಟೂಲ್ ಪೆಟ್ಟಿಗೇನೂ ಕೊಟ್ಲು. ಒಳಗೆ ಹಸಿರು ಬಟ್ಟೆ ಹಾಸು, ಒಂದೊಂದು ಟೂಲಿಗೂ ಅದರದ್ದೇ ಆಕಾರದ ಗುಂಡಿ. ಒಂದು ಗುಂಡಿ ಮಾತ್ರ ಖಾಲಿ.

"ಅಲ್ಲಿ ಪುಟ್ಟ ಸ್ಕ್ರೂಡ್ರೈವರ್ ಇತ್ತು, ಮರದ ಹಿಡಿ ಇರೋದು. ಅದನ್ನ ಅಪ್ಪನ ಶರ್ಟ್ ಜೇಬಲ್ಲಿಟ್ಟೇ ಮಣ್ಣು ಮಾಡಿದ್ವಿ" ಅಂದ್ಲಂತೆ ಆ ಮಗಳು. ಇವನು ಅಯ್ಯೋ ಪಾಪ ಅಂದ್ಕೊಂಡು ಕಾರು ತಂದ.

ತಂದ ನೋಡಿ... ಅಲ್ಲಿಗೆ ಸಂಸಾರ ಮುಗೀತು. ಹೊತ್ತು ಗೊತ್ತಿಲ್ಲದೆ ಗರಾಜಲ್ಲೇ ಬಿದ್ದಿರೋನು. ಎಲ್ಲಾ ಒರಿಜಿನಲ್ಲೇ ಆಗ್ಬೇಕು. ಸೀಟು ಹೊಲಿಯೋ ದಾರದ ಬಣ್ಣ ಕೂಡ ಆಗಿನದ್ದೇ. ಮೈನಸ್ ಸ್ಕ್ರೂ ಇದ್ದ ಕಡೆ ಪ್ಲಸ್ ಸ್ಕ್ರೂ ಹಾಕಿದ್ರೆ ಊಟ ಸೇರ್ತಿರಲಿಲ್ಲ ಅವನಿಗೆ. ಹಾರ್ನ್ ಮೇಲಿನ ಸ್ಟಿಕರಿಗೋಸ್ಕರ ಇಟಲಿಯ ಯಾವನಿಗೋ ಮೇಲ್ ಮಾಡ್ತಾ ಕೂತು, ಸ್ವಂತ ಮಗಳ ಬರ್ತ್‌ಡೇ ಕೇಕ್ ತರೋದು ಮರೆತ! ಇಷ್ಟೆಲ್ಲ ಒರಿಜಿನಲ್ ಅನ್ನೋನು ಏನು ಮಾಡಿದ ಗೊತ್ತಾ? ಅಜ್ಜ ಹಾಕಿದ್ದ ಕಂಡೆನ್ಸರ್ ತೆಗೆದು ಕಸಕ್ಕೆ ಎಸೆದ. ಕಂಡೆನ್ಸರ್ ಅಂದ್ರೆ ಕಿಡಿ ಸರಿಯಾಗಿ ಹಾರೋಕೆ ಇರೋ ಹೆಬ್ಬೆರಳು ಗಾತ್ರದ ತಗಡಿನ ಡಬ್ಬಿ. ಅದಕ್ಕೆ ಒಂಚೂರು ತುಕ್ಕು ಹಿಡಿದಿತ್ತು ಅಂತ, ಅದೇ ಅಚ್ಚಿನ ಫಳಫಳ ಹೊಳೆಯೋ ಹೊಸದು ತರಿಸಿ ಕೂರಿಸಿದ.

ಆಮೇಲೆ ಗಾಡಿ ಸ್ಟಾರ್ಟೇ ಆಗ್ಲಿಲ್ಲ. ಕೀ ತಿರುಗಿಸಿದ್ರೆ ಕುರ್‌ರ್... ಕುರ್‌ರ್... ಕುರ್‌ರ್... ಅಷ್ಟೆ. ಪ್ಲಗ್ ಬದಲಾಯಿಸಿದ, ವೈರ್ ಬದಲಾಯಿಸಿದ, ಪೆಟ್ರೋಲ್ ಟ್ಯಾಂಕ್ ಇಳಿಸಿ ತೊಳೆದ. ಆ ಹೊಸ ಕಂಡೆನ್ಸರ್ ಮೇಲೆ ಮಾತ್ರ ಅನುಮಾನಾನೇ ಬರ್ಲಿಲ್ಲ. ಕುರ್‌ರ್... ಕುರ್‌ರ್... ಒಂದಿನ ನಂಗೆ ಫೋನ್ ಮಾಡಿ ಅತ್ತೇಬಿಟ್ಟ. "ಎಲ್ಲಾ ಸರಿಯಾಗೇ ಇದೆ ಅಕ್ಕಾ. ಆದ್ರೂ ಹತ್ತಲ್ಲ. ತಲೆ ಚಚ್ಕೊಳೋ ಹಾಗಾಗಿದೆ." ನಂಗೆ ಕೋಪಾನೂ ಬಂತು, ಕರುಳೂ ಚುರುಕ್ ಅಂತು.

ಚೇತನಳಿಗೂ ಸಾಕಾಗಿ ಹೋಗಿತ್ತು. ಅವಳು ಅವನನ್ನ ಯಶು ಅಂತಾಳೆ. ರೀ ಅಂದ್ರೆ ಕೋಪ ಬಂದಿದೆ ಅಂತ ಲೆಕ್ಕ. "ನೋಡಿ ರೀ, ದಸರಾನೇ ಕೊನೇ ಗಡುವು. ಸ್ಟಾರ್ಟ್ ಆದ್ರೆ ಇಟ್ಕೊಳಿ. ಇಲ್ಲಾಂದ್ರೆ ಮಾರಿ" ಅಂದ್ಲು. ಕೊಳ್ಳೋಕೂ ಒಬ್ಬ ಸಿಕ್ಕಿದ. ಅಟ್ಲಾಂಟಾದ ಸಿದ್ಧಲಿಂಗೇಶ್ ಅಂತ, ಹುಬ್ಬಳ್ಳಿ ಕಡೆಯವರು. ವಿಜಯದಶಮಿ ಬೆಳಿಗ್ಗೆ ಟ್ರೇಲರ್ ತರ್ತೀನಿ ಅಂದ್ರು.

"ಎಂಜಿನ್ ತಗದು ಒಗಿಯೋದ್ರೀ" ಅಂದ್ರಂತೆ ಫೋನಲ್ಲಿ. "ಬ್ಯಾಟರಿ ಕೂಡ್ಸಿ ಎಲೆಕ್ಟ್ರಿಕ್ ಮಾಡ್ತೀನಿ. ಮಸ್ತ್ ಓಡ್ತೈತಿ."

ಯಶವಂತ ಫೋನಿಟ್ಟೋನು ಊಟ ಮಾಡದೆ ಮಲಗಿದ. ಅಜ್ಜನ ಎಂಜಿನ್ ಗುಜರಿಗೆ! ಉಳಿದಿದ್ದು ಒಂದೇ ದಿನ, ಆಯುಧಪೂಜೆ ದಿನ. ಕೊನೇ ಸಲ ನೋಡೇಬಿಡ್ತೀನಿ ಅಂತ ಆಫೀಸಿಗೆ ರಜ ಹಾಕಿದ್ದ.

ಈಗ ಕೇಳಿ ಈ ಮಹಾನುಭಾವನ ಬುದ್ಧಿ. ಬೆಳಿಗ್ಗೆ ಎದ್ದೋನೇ, ನಮ್ಮ ಮೈಸೂರಿನ ಮನೇಲಿ ಮಾಡೋ ಹಾಗೆ, ತಲೆಗೆ ಸ್ನಾನ ಮಾಡಿ ಪೂಜೆಗೆ ಕೂತ. ಪೆಟ್ಟಿಗೆ ತೆರೆದಿಟ್ಟು ಒಂದೊಂದು ಟೂಲಿಗೂ ಕುಂಕುಮ ಇಟ್ಟು, ಒಂದೊಂದು ಸೇವಂತಿಗೆ ಏರಿಸಿದ. ಬೂದುಗುಂಬಳ ಸಿಗದೆ ಹ್ಯಾಲೊವೀನ್ ಕುಂಬಳಕಾಯೀನೇ ಒಡೆದ.

"ಯಶು, ಈ ಖಾಲಿ ಗುಂಡಿಗೂ ಕುಂಕುಮ ಇಡಬೇಕಾ?" ಅಂದ್ಲು ಚೇತನ.

"ಸುಮ್ನಿರೇ."

ಮಂಗಳಾರತಿ ಆಯ್ತು. ಕರ್ಪೂರ ಆರಿತು. ಆಮೇಲೆ ಹೊಳೀತು ಅವನಿಗೆ. ಪೂಜೆಗಿಟ್ಟ ಆಯುಧಾನ ಮಾರನೇ ದಿನ ಪೂಜೆ ಆಗೋವರೆಗೂ ಎತ್ತೋ ಹಾಗಿಲ್ಲ! ನಮ್ಮ ತಾತ ಆವತ್ತು ತರಕಾರಿ ಹೆಚ್ಚೋ ಚಾಕು ಕೂಡ ಮುಟ್ಟಿಸ್ತಿರಲಿಲ್ಲ.

"ಸಂಜೆ ಮಾಡಿದ್ರೆ ಆಗ್ತಿರಲಿಲ್ವಾ ರೀ?" ಅಂತ ಚೇತನ ಕೂಗಾಡಿದ್ಲು. "ಹೋಗ್ಲಿ, ತಗೊಂಡು ಕೆಲಸ ಮಾಡಿ. ಯಾರು ನೋಡ್ತಾರೆ?"

"ಮುಟ್ಟಲ್ಲ ಅಂದ್ರೆ ಮುಟ್ಟಲ್ಲ." ಇಡೀ ದಿನ ಗರಾಜಿನ ಮೆಟ್ಟಿಲ ಮೇಲೆ ಕೈಕಟ್ಕೊಂಡು ಕೂತಿದ್ದ. ಹಾಗೆ ನೋಡಿದ್ರೆ ಆ ಕಾರು ತೊಲಗಿದ್ರೆ ಅವಳಿಗೇ ನೆಮ್ಮದಿ. ಆದ್ರೂ ಅವನು ಹಾಗೆ ಕೂತಿದ್ದು ನೋಡಿ ಅವಳಿಗೇ ಅಳು ಬಂತಂತೆ.

ಈಗ ರಾತ್ರಿಗೆ ಬರೋಣ.

ಹೊಂಡ ದಾಟಿದ್ರೆ ಇವರ ಮನೆ ಕಾಣುತ್ತೆ. ಗರಾಜ್ ಬಾಗಿಲ ಕೆಳಗೆ... ಬೆಳಕಿನ ಗೆರೆ.

"ಯಶು... ಲೈಟ್ ಆಫ್ ಮಾಡಿದ್ದೆ ತಾನೆ?"

"ಮಾಡಿದ್ದೆ."

"ಮತ್ತೆ?"

"ಶ್..."

ಇಬ್ಬರೂ ನಿಂತ್ರು. ಡೇಟಾ ಸೆಂಟರಿನ ಹೂಂ... ಅದರ ಒಳಗೇ ಇನ್ನೊಂದು ಸದ್ದು. ಕಿರ್ರ್... ಕಿರ್ರ್... ಕಿರ್ರ್... ಸಣ್ಣ ಸ್ಕ್ರೂ ಬಿಚ್ಚೋ ಸದ್ದು. ಅವನಿಗೆ ಗೊತ್ತಾಗಲ್ವಾ, ಅದನ್ನೇ ಕೇಳ್ತಾ ಬದುಕಿದೋನು. ಸ್ವಲ್ಪ ಹೊತ್ತು ಏನಿಲ್ಲ. ಟಣ್... ಏನೋ ಪುಟ್ಟದು ತಗಡಿನ ಮೇಲೆ ಇಟ್ಟ ಹಾಗೆ. ಮತ್ತೆ ಕಿರ್ರ್... ಕಿರ್ರ್... ಈ ಸಲ ಬಿಗಿ ಮಾಡೋದು. ಆಮೇಲೆ ಯಾರೋ ವಯಸ್ಸಾದೋರು ಗಂಟಲು ಸರಿಮಾಡ್ಕೊಂಡ್ರು. ಹ್ಞ್... ಹ್ಞಂ.

"ಕಳ್ಳ ಕಣೋ. ಪೊಲೀಸ್‌ಗೆ ಫೋನ್ ಮಾಡು."

ಅವನು ನೆಲಕ್ಕೆ ಕೆನ್ನೆ ಹಚ್ಚಿ ಸಂದಿಯಿಂದ ನೋಡಿದ. ಬೆಳಕಿದೆ. ಕಾರಿನ ಟೈರುಗಳಿವೆ. ಕಾಲಿಲ್ಲ... ನೆರಳೂ ಇಲ್ಲ. ಕಿರ್ರ್... ಅಂತ ಸದ್ದು ಮಾತ್ರ ಬರ್ತಿದೆ.

ಬಟನ್ ಒತ್ತಿದ. ಬಾಗಿಲು ಗಡಗಡ ಮೇಲೆದ್ದಾಗ ಒಳಗೆ ಕತ್ತಲೆ. ಲೈಟ್ ಹಾಕಿದ್ರೆ ಯಾರೂ ಇಲ್ಲ. ಬಾನೆಟ್ ಮಾತ್ರ ತೆರೆದಿತ್ತು. ಎಂಜಿನ್ ಪಕ್ಕದ ತಗಡಿನ ಮೇಲೆ ಆ ಹೊಸ ಫಳಫಳ ಕಂಡೆನ್ಸರ್, ಬಿಚ್ಚಿಟ್ಟಿದ್ದು. ಚೇತನ ಅವನ ತೋಳು ಹಿಡಿದು ಎಳ್ಕೊಂಡು ಹೋದ್ಲು. ಪಕ್ಕದ ಮನೇಲಿ ಬಿಟ್ಟಿದ್ದ ಮಗಳನ್ನ ಕರ್ಕೊಂಡು ಬಂದು, ಅವಳ ರೂಮಲ್ಲಿ ಮೂರೂ ಜನ ಲೈಟ್ ಹಾಕ್ಕೊಂಡೇ ಮಲಗಿದ್ರು. ಮಲಗೋದೇನು ಬಂತು, ಬೆಳಗು ಮಾಡಿದ್ರು.

ಬೆಳಿಗ್ಗೆ ಸಿದ್ಧಲಿಂಗೇಶ್ ಟ್ರೇಲರ್ ತಂದು ನಿಲ್ಲಿಸಿದ್ರು. "ಒಮ್ಮೆ ಕೀ ತಿರಗಸ್ರಿ, ನೋಡೋಣ" ಅಂದ್ರು. ಕಂಡೆನ್ಸರೇ ಇಲ್ಲದ ಗಾಡಿ ಎಲ್ಲಿ ಹತ್ತುತ್ತೆ ಅಂತ ಇವನು ಬೇಜಾರಲ್ಲೇ ತಿರುಗಿಸಿದ. ಕುರ್‌ರ್... ಆಮೇಲೆ ಗುಡ್... ಗುಡ್... ಗುಡುಗುಡುಗುಡು! ಇಡೀ ಬೀದಿಗೆ ಕೇಳೋ ಹಾಗೆ ಹತ್ತಿಕೊಂಡ್ತು. ಯಶವಂತ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ.

"ಕೆಟ್ಟೈತಿ ಅಂದಿದ್ರಲ್ರೀ?" ಅಂತ ಸಿದ್ಧಲಿಂಗೇಶ್ ಮುಖ ಗಂಟು ಹಾಕಿದ್ರು.

"ಮಾರಲ್ಲ" ಅಂದಿದ್ದು ಯಾರು ಗೊತ್ತಾ? ಚೇತನ! ಟ್ರೇಲರ್ ಖಾಲೀನೇ ಅಟ್ಲಾಂಟಾಗೆ ಹೋಯ್ತು.

ಎಂಜಿನ್ ಆರಿಸಿ, ಕಂಡೆನ್ಸರ್ ಕೂರೋ ಕಡೆ ಮುಚ್ಚಳ ತೆಗೆದು ನೋಡ್ತಾನೆ, ಒಳಗೆ ಕೂತಿರೋದು ಹಳೇ ಕಂಡೆನ್ಸರ್. ಅದೇ ತುಕ್ಕು. ಅದನ್ನ ಕಸದ ಗಾಡಿ ತಗೊಂಡು ಹೋಗಿ ಎಷ್ಟೋ ತಿಂಗಳಾಗಿತ್ತು. ಯಶವಂತ ಆಗಲೇ ನಂಗೆ ಫೋನ್ ಮಾಡಿದ. ನಾನಿರೋ ರೆಸ್ಟನ್‌ನಿಂದ ಎಷ್ಟು ದೂರ, ಹಾಗೇ ಕಾರು ಹತ್ತಿದೆ. ನಾನು ಹೋಗೋವರೆಗೂ ಅವರು ಪೆಟ್ಟಿಗೆ ಮುಟ್ಟಿರಲಿಲ್ಲ. ಗಂಡ ಹೆಂಡತಿ ಅದರ ಮುಂದೆ ನೆಲದ ಮೇಲೆ ಕೂತಿದ್ರು.

ನಂಬಿದ್ರೆ ನಂಬಿ, ಬಿಟ್ರೆ ಬಿಡಿ... ಈ ಕಣ್ಣಲ್ಲಿ ನೋಡಿದೀನಿ. ಸೇವಂತಿಗೆ ಒಂದೂ ಅಲುಗಿರಲಿಲ್ಲ. ಖಾಲಿ ಗುಂಡಿ ಖಾಲಿ ಇರಲಿಲ್ಲ. ಅದರಲ್ಲಿ ಮರದ ಹಿಡಿಯ ಪುಟ್ಟ ಸ್ಕ್ರೂಡ್ರೈವರ್ ಮಲಗಿತ್ತು. ಪೆಟ್ಟಿಗೇಲಿದ್ದ ಎಲ್ಲಕ್ಕೂ ಕುಂಕುಮ ಇತ್ತು. ಅದೊಂದಕ್ಕೆ ಇರಲಿಲ್ಲ.